ಬಲಗಾಲಿನ ಬೂಟು

೧೨ ಮಾರ್ಚ್ ೧೯೫೩, ಗುರುವಾರ

ಮಡಿಕೇರಿ ಆಸ್ಪತ್ರೆಯಿಂದ ಇವತ್ತು ಮನೆಗೆ ಬಂದೆ. ಬಂದೆ ಅನ್ನುವುದು ದೊಡ್ಡ ಮಾತು. ಸಣ್ಣಸ್ವಾಮಿ ಮೇಸ್ತ್ರಿಯೂ ಅವನ ಕಡೆಯವರೂ ಸೇರಿ ಲಾರಿಯಿಂದ ಹೊತ್ತು ತಂದು, ಕಾಫಿ ಮೂಟೆ ಇಳಿಸುವ ಹಾಗೆ ಜಗಲಿಯ ಮಂಚಕ್ಕೆ ಇಳಿಸಿದರು. "ರುದ್ರಮ್ಮೋರೆ, ತಲೆ ಯಾವ ಕಡೆ ಮಾಡೋದು?" ಅಂತ ಅವನು ನಮ್ಮವಳನ್ನು ಕೇಳಿದ. ನನ್ನ ತಲೆಯ ವಿಷಯ ನನ್ನನ್ನು ಕೇಳಬೇಕು ಅಂತ ಅವನಿಗೆ ಹೊಳೆಯಲಿಲ್ಲ. ಅಂಗಳ ಕಾಣುವ ಹಾಗೆ ಮಲಗಿಸು ಅಂದಳು. ಮಲಗಿಸಿದ.

ಬಲಗಾಲಿಗೆ ತೊಡೆಯಿಂದ ಪಾದದ ತನಕ ಪ್ಲಾಸ್ಟರು. ಮಳೆಗಾಲ ಶುರುವಾಗುವ ತನಕ ನೆಲಕ್ಕೆ ಊರಬಾರದಂತೆ. ಡಾಕ್ಟರು ಇದನ್ನು ಬಹಳ ಆರಾಮವಾಗಿ ಹೇಳಿದರು. ಕಾಲು ಅವರದಲ್ಲವಲ್ಲ.

ನಾನು ಬಿದ್ದ ಕಥೆ ಸೋಮವಾರಪೇಟೆಯ ಹೋಟೆಲುಗಳಲ್ಲೆಲ್ಲ ಓಡಾಡುತ್ತಿದೆ ಅಂತ ಕೇಳಿದೆ. ಬೇರೆಯವರು ಉಪ್ಪುಖಾರ ಹಚ್ಚುವ ಮೊದಲು ನಾನೇ ಸರಿಯಾಗಿ ಬರೆದಿಡುತ್ತೇನೆ. ಕೆರೆ ಬ್ಲಾಕಿನಲ್ಲಿ ಸತ್ತ ಕಾಫಿ ಗಿಡಗಳನ್ನು ಕಿತ್ತು, ಆ ಜಾಗದಲ್ಲಿ ಮಳೆಗಾಲಕ್ಕೆ ಹೊಸ ಸಸಿ ಇಡಲು ಗುಂಡಿ ತೆಗೆಸುತ್ತಿದ್ದೆವು. ಗಿಡ ಸತ್ತು ಖಾಲಿ ಬಿದ್ದ ಜಾಗಕ್ಕೆ ನಾವು ಎಸ್ಟೇಟಿನವರು ವೇಕೆನ್ಸಿ ಅನ್ನುತ್ತೇವೆ. ಆಳ ಸಾಲದು, ಇನ್ನೂ ತೆಗೀರಿ ಅಂತ ಗದರಿ ತೆಗೆಸಿದವನು ನಾನೇ. ಮಾರನೆಯ ದಿನ ಆಳುಗಳ ಕಡೆ ತಿರುಗಿ, ಕಣ್ಣು ನೆತ್ತಿ ಮೇಲೆ ಇಟ್ಟುಕೊಂಡು ನಡೆಯಬೇಡಿ, ಗುಂಡಿಗೆ ಬೀಳುತ್ತೀರಿ ಅಂತ ಹೇಳುತ್ತಾ ಹಿಂದಕ್ಕೆ ಒಂದು ಹೆಜ್ಜೆ ಇಟ್ಟೆ. ಮಾತು ಮುಗಿಯುವ ಮೊದಲೇ ಒಳಗಿದ್ದೆ.

ನನ್ನ ಜಾಗಕ್ಕೆ ಸದ್ಯಕ್ಕೆ ಕುಶಾಲನಗರದ ಕಡೆಯ ಪುಟ್ಟರಾಜು ಅನ್ನುವವನು ಬಂದಿದ್ದಾನೆ. ಸದ್ಯಕ್ಕೆ ಅಂತ ತೋಟದ ಸಾಹುಕಾರರು ನಾಣಯ್ಯನವರು ಹೇಳಿಕಳಿಸಿದ್ದಾರೆ. ಈ ಮನೆ ಎಸ್ಟೇಟಿನದು. ಲೆಕ್ಕ, ಹಾಜರಿ ಬರೆಯುವ ಈ ರೈಟರ ಕೆಲಸ ಇರುವ ತನಕ ಮನೆ. ಕೆಲಸ ಹೋದರೆ ಶನಿವಾರಸಂತೆಯ ಅಳಿಯನ ಮನೆಯೇ ಗತಿ. ಅಳಿಯ ಒಳ್ಳೆಯವನು. ಒಳ್ಳೆಯವರ ಮನೆಯಲ್ಲಿ ಬಿಟ್ಟಿ ಇರುವುದು ಇನ್ನೂ ಕಷ್ಟ.

ಏನಾದರೂ ಬರೆಯದಿದ್ದರೆ ನನಗೆ ಕೈ ಕಡಿಯುತ್ತದೆ. ಹಳೆಯ ಹಾಜರಿ ಪುಸ್ತಕದಲ್ಲಿ ಖಾಲಿ ಹಾಳೆ ಬೇಕಾದಷ್ಟಿವೆ. ಇದನ್ನು ಯಾರಿಗೂ ತೋರಿಸುವುದಿಲ್ಲ.

೧೫ ಮಾರ್ಚ್, ಭಾನುವಾರ

ಈ ಮನೆಗೆ ಬಂದು ಇಷ್ಟು ವರ್ಷವಾದರೂ ನಮ್ಮ ಅಂಗಳವನ್ನು ಬೆಳಕಿನಲ್ಲಿ ಕೂತು ನೋಡಿದ್ದು ಇದೇ ಮೊದಲು. ಬೆಳಿಗ್ಗೆ ಕತ್ತಲಲ್ಲಿ ಹೋಗಿ ಸಂಜೆ ಕತ್ತಲಲ್ಲಿ ಬರುತ್ತಿದ್ದವನಿಗೆ ಇದು ಅಂಗಳವೋ ಗುಜರಿ ಅಂಗಡಿಯೋ ಅಂತ ಗೊತ್ತೇ ಇರಲಿಲ್ಲ.

ನಮ್ಮವಳಿಗೆ ಒಂದು ಕಾಯಿಲೆ. ಬಿಸಾಡುವುದು ಬರುವುದಿಲ್ಲ. ತೂತು ಬಿದ್ದ ಸೀಮೆಎಣ್ಣೆ ಡಬ್ಬದಲ್ಲಿ ಬಸಳೆ. ತಳ ಹೋದ ಹಂಡೆಯಲ್ಲಿ ಕೆಸ. ನನ್ನ ಹರಿದ ಕೊಡೆಯ ಬಟ್ಟೆ ಕಿತ್ತು, ಅಸ್ಥಿಪಂಜರವನ್ನು ನೆಲಕ್ಕೆ ಚುಚ್ಚಿ ಅದಕ್ಕೆ ಹುರುಳಿಕಾಯಿ ಬಳ್ಳಿ ಹಬ್ಬಿಸಿದ್ದಾಳೆ. ಲಾಟೀನಿನ ಒಡೆದ ಗ್ಲಾಸನ್ನು ಗುಲಾಬಿ ಕಡ್ಡಿಯ ಮೇಲೆ ಕವುಚಿದ್ದಾಳೆ. ಜಿಗಣೆಗೆ ಅಂತ ನಾವು ತೋಟದಲ್ಲಿ ಹಾಕಿಕೊಳ್ಳುವ ಉದ್ದನೆಯ ಕಾಲುಚೀಲ ಇದೆಯಲ್ಲ, ನನ್ನ ಹಳೆಯ ಜೋಡಿ ಮಾಡಿಗೆ ನೇತಾಡುತ್ತಿದೆ. ಒಂದರಲ್ಲಿ ಸೌತೆ ಬೀಜ, ಇನ್ನೊಂದರಲ್ಲಿ ದಂಟಿನ ಬೀಜ. ಗಾಳಿ ಬಂದರೆ ಯಾರೋ ನೇಣು ಹಾಕಿಕೊಂಡ ಹಾಗೆ ಕಾಣುತ್ತದೆ.

ಎಸ್ಟೇಟ್ ರೈಟರ ಮನೆ ಮುಂದೆ ಈ ಒಡಕು ಸಾಮಾನೆಲ್ಲ ಇಟ್ಟರೆ ಬಂದವರು ಏನಂದುಕೊಳ್ಳುತ್ತಾರೆ ಅಂತ ಕೇಳಿದೆ.

"ಒಡೆದಿದ್ದು ಅಡುಗೆಮನೆಗೆ ತಾನೆ? ಮಣ್ಣಿಗೇನು ಗೊತ್ತು?" ಅಂದು ಅಕ್ಕಿ ತೊಳೆದ ನೀರನ್ನು ಬಸಳೆಗೆ ಸುರಿದು ಒಳಗೆ ಹೋದಳು. ಕಾಲು ಸರಿಯಿದ್ದಿದ್ದರೆ ಹಿಂದೆಯೇ ಹೋಗಿ ಉತ್ತರ ಕೊಡುತ್ತಿದ್ದೆ.

೧೯ ಮಾರ್ಚ್, ಗುರುವಾರ

ಇವತ್ತು ಒಂದು ಪಂಥ ಕಟ್ಟಿದೆ. ಗೆಲ್ಲುವುದು ಖಂಡಿತ.

ಕಾಫಿ ಬೀಜ ಮೊಳೆತು ಮೇಲೆ ಬರುವಾಗ ಬೀಜವನ್ನೇ ತಲೆ ಮೇಲೆ ಹೊತ್ತುಕೊಂಡು ಬರುತ್ತದೆ. ಅದಕ್ಕೇ ಆ ಪ್ರಾಯದ ಸಸಿಗೆ ಟೋಪಿ ಅಂತಲೇ ಹೆಸರು. ನರ್ಸರಿಯಲ್ಲಿ ದಷ್ಟಪುಷ್ಟವಾದ ಟೋಪಿಗಳನ್ನು ಮಡಿಗೆ ನೆಟ್ಟು, ಹೆಚ್ಚಾದದ್ದನ್ನೂ ಸೊರಗಿದ್ದನ್ನೂ ಎಸೆಯುವುದು ಕ್ರಮ. ನಮ್ಮವಳು ಮಧ್ಯಾಹ್ನ ಎಲ್ಲೋ ಹೋಗಿದ್ದವಳು ಒಂದು ಮೊರದ ತುಂಬ ಆ ಎಸೆದ ಟೋಪಿಗಳನ್ನು ಆರಿಸಿಕೊಂಡು ಬಂದಳು, ಒದ್ದೆ ಬಟ್ಟೆ ಹೊದಿಸಿ. ರೈಟರ ಹೆಂಡತಿ ನರ್ಸರಿಯ ಕಸ ಆಯುತ್ತಾಳೆ ಅಂತ ನಾಳೆ ಆಳುಗಳ ಲೈನು ಮನೆಗಳಲ್ಲೆಲ್ಲ ಮಾತಾಗುತ್ತದೆ. ನನಗೆ ಸಿಟ್ಟು ಬಂತು. "ಕಸಕ್ಕೆ ಹಾಕಿದ ಟೋಪಿ ಈ ಬೇಸಿಗೆ ದಾಟಿದ್ರೆ ನಾನು ಮೀಸೆ ಬೋಳಿಸ್ತೀನಿ" ಅಂದೆ.

ಅವಳು ನನ್ನ ಮೀಸೆಯನ್ನು ಒಂದು ಸಲ ನೋಡಿದಳು. ಮೊರ ಎತ್ತಿಕೊಂಡು ಮನೆಯ ಹಿಂದಕ್ಕೆ, ಹಿತ್ತಲಿಗೆ ಹೋದಳು. ಹಿತ್ತಲು ನನಗೆ ಈಗ ಕಾಶಿಯಷ್ಟು ದೂರ.

೨೪ ಮಾರ್ಚ್, ಮಂಗಳವಾರ

ಸೆಕೆ. ಪ್ಲಾಸ್ಟರಿನ ಒಳಗೆ ತುರಿಕೆ. ನಮ್ಮವಳು ಕೊಡೆಯ ಕಡ್ಡಿ ಒಂದನ್ನು ಕಿತ್ತು ತಂದುಕೊಟ್ಟಳು. ಒಳಗೆ ತೂರಿಸಿ ತುರಿಸಿಕೊಂಡೆ. ಸ್ವರ್ಗ. ಸಂಜೆ ಬಂದು, ಹುರುಳಿಕಾಯಿ ಬಳ್ಳಿ ಜೋತುಬೀಳುತ್ತಿದೆ, ಕಡ್ಡಿ ವಾಪಸು ಕೊಡಿ ಅಂದಳು. ಕೊಡಲಿಲ್ಲ.

೨ ಏಪ್ರಿಲ್, ಗುರುವಾರ

ನಿನ್ನೆ ಹೂಮಳೆ ಬಂತು. ಕಾಫಿ ಅರಳುವುದಕ್ಕೆ ಇನ್ನು ತಡವಿಲ್ಲ. ಈ ಹೊತ್ತಿನಲ್ಲಿ ಬ್ಲಾಕಿನಿಂದ ಬ್ಲಾಕಿಗೆ ಓಡಾಡಿ ಮಳೆ ಎಲ್ಲಿ ಎಷ್ಟು ಬಿತ್ತು ಅಂತ ಸಾಹುಕಾರರಿಗೆ ಹೇಳುತ್ತಿದ್ದವನು ನಾನು. ಈ ವರ್ಷ ಪುಟ್ಟರಾಜು ಹೇಳಿರುತ್ತಾನೆ. ಮೊದಮೊದಲು ಅವನು ದಿನಾ ಸಂಜೆ ಬಂದು ಅದು ಎಲ್ಲಿದೆ, ಇದು ಹೇಗೆ ಅಂತ ಕೇಳುತ್ತಿದ್ದ. ಈಗ ಬರುವುದಿಲ್ಲ. ಕೆಲಸ ಕಲಿತ ಅಂತ ಕಾಣುತ್ತದೆ. ಮಂಚದ ಮೇಲೆ ಕೂತು ಹೂವಿನ ವಾಸನೆಗೆ ಕಾದದ್ದು ನನಗೆ ಅಳು ತರಿಸಿತು. ಕಣ್ಣಿಗೆ ಏನೋ ಬಿತ್ತು ಅಂದೆ. ನಮ್ಮವಳು ನಂಬಿದ ಹಾಗೆ ಮಾಡಿದಳು.

ಹೊತ್ತು ಹೋಗಲಿ ಅಂತ ಬೆಳಿಗ್ಗೆ ಒಂದು ತಮಾಷೆ ಮಾಡಿದೆ. ಆಳುಗಳ ಹಾಜರಿ ಕೂಗುವ ಹಾಗೆ ಗಿಡಗಳ ಹಾಜರಿ ಕೂಗಿದೆ. ಬಸಳೆ, ಹಾಜರ್. ಕೆಸ, ಹಾಜರ್. ಹುರುಳಿ, ಹಾಜರ್, ಆದರೆ ಒಂದು ಕಡೆ ವಾಲಿದೆ, ಕುಡಿದು ಬಂದಿರಬೇಕು. ಕೊತ್ತಂಬರಿ, ಗೈರು. ಲೈನಿನ ಕೋಳಿ ತಿಂದಿದೆ. ಒಳಗಿನಿಂದ ನಗು ಕೇಳಿಸಿತು. ನಮ್ಮವಳ ನಗು ಕೇಳಿ ಎಷ್ಟು ದಿನವಾಗಿತ್ತೋ, ಮೊದಲು ಯಾರು ಅಂತ ಗೊತ್ತಾಗಲಿಲ್ಲ.

೯ ಏಪ್ರಿಲ್, ಗುರುವಾರ

ಇವತ್ತು ಜಗಳ. ಎರಡು ಜಗಳ.

ಸಣ್ಣಸ್ವಾಮಿ ಒಂದು ಊರುಗೋಲು ಮಾಡಿ ತಂದುಕೊಟ್ಟ. ಹಳೆಯ ಕಾಫಿ ಗಿಡದ ಕಾಂಡ, ಮೇಲೆ ಕವೆ, ಕಂಕುಳಿಗೆ ಒತ್ತದ ಹಾಗೆ ಬಟ್ಟೆ ಸುತ್ತಿದ್ದಾನೆ. ಒಂಟಿಕಾಲಿನಲ್ಲಿ ಕುಪ್ಪಳಿಸಿ ಬಚ್ಚಲಿಗಾದರೂ ಹೋಗಬಹುದು. ನನಗೆ ಬಹಳ ಸಂತೋಷವಾಯಿತು. ನಮ್ಮವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಒಳ್ಳೆ ಗಟ್ಟಿ ಕೋಲು. ನಿಮ್ಮದು ಮುಗಿದ ಮೇಲೆ ನನಗೆ ಕೊಡಿ, ಹೀರೆ ಚಪ್ಪರಕ್ಕೆ ಬೇಕು" ಅಂದಳು.

ನಿಮ್ಮದು ಮುಗಿದ ಮೇಲೆ! ಗಂಡ ಮಂಚ ಹಿಡಿದಿರುವಾಗ ಮನೆ ಹೆಂಗಸು ಆಡುವ ಮಾತೇ ಇದು? ಬಾಯಿಗೆ ಬಂದದ್ದು ಅಂದೆ. ಅವಳಿಗೆ ನಾನು ಯಾಕೆ ಕೂಗಾಡುತ್ತಿದ್ದೇನೆ ಅಂತಲೇ ತಿಳಿಯಲಿಲ್ಲ.

ಎರಡನೆಯದು ಬೂಟಿನದು. ನಾನು ಬಿದ್ದ ದಿನ ಕಾಲು ಊದಿಕೊಂಡು ಬಲಗಾಲಿನ ಬೂಟು ಬಿಚ್ಚಲು ಆಗದೆ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದಿದ್ದರು. ಅದನ್ನೂ ಗಂಟು ಕಟ್ಟಿ ತಂದಿದ್ದಳು. ಇವತ್ತು ನೋಡಿದರೆ ಅದರ ಕತ್ತರಿಸಿದ ಬಾಯನ್ನು ಗೋಣಿ ದಾರದಲ್ಲಿ ಹೊಲಿದು, ಹಟ್ಟಿಗೊಬ್ಬರ ತುಂಬಿಕೊಂಡು ಹಿತ್ತಲಿಗೆ ಹೊರಟಿದ್ದಾಳೆ. ಅದರಲ್ಲಿ ಏನೋ ನೆಡುತ್ತಾಳಂತೆ. ನಾಳೆ ನಾನು ಎದ್ದು ಓಡಾಡುವಾಗ ಏನು ಹಾಕಿಕೊಳ್ಳಲಿ ಅಂತ ಕೇಳಿದೆ. ಕತ್ತರಿಸಿದ್ದನ್ನು ಹಾಕಿಕೊಳ್ಳುತ್ತೀರಾ ಅಂದಳು. ಮಾತಿಗೆ ಮಾತು ಜೋಡಿಸುವುದರಲ್ಲಿ ನಿಸ್ಸೀಮಳು.

೧೩ ಏಪ್ರಿಲ್, ಸೋಮವಾರ

ಮಾತುಕತೆ ಇಲ್ಲ. ಕಾಫಿ ಬಂತು, ಊಟ ಬಂತು. ಹಾಜರಿ ಕೂಗಲಿಲ್ಲ. ಬಸಳೆ ಯಾಕೋ ಬಾಡಿದೆ. ಕುಡಿದು ಉಳಿದ ನೀರನ್ನು ಮಂಚದಿಂದಲೇ ಅದರ ಕಡೆ ಎರಚಿದೆ.

೨೬ ಏಪ್ರಿಲ್, ಭಾನುವಾರ

ಆಲಿಕಲ್ಲು ಮಳೆ. ಅಂಥದ್ದನ್ನು ಇತ್ತೀಚೆಗೆ ನೋಡಿರಲಿಲ್ಲ. ಮಧ್ಯಾಹ್ನ ಆಕಾಶ ಕಪ್ಪಾಯಿತು, ನಮ್ಮವಳು ಹಿತ್ತಲಿಗೆ ಓಡಿದಳು, ಹೆಂಚಿನ ಮೇಲೆ ಕಲ್ಲು ಸುರಿದ ಹಾಗೆ ಶುರುವಾಯಿತು. ಅಂಗಳದಲ್ಲಿ ಬದನೆ, ಮೆಣಸು, ಡೇರೆ ಹೂವಿನ ಗಿಡ ಎಲ್ಲ ಬಿಚ್ಚು ಬಯಲಿನಲ್ಲಿ. ನಾನು ಕೂಗಿದೆ, ಅವಳಿಗೆ ಕೇಳಿಸಲಿಲ್ಲ. ಮಂಚದಿಂದ ಇಳಿದು ಜಗಲಿಯ ಅಂಚಿಗೆ ಹೊಟ್ಟೆ ಅಡಿಯಾಗಿ ಮಲಗಿ, ಊರುಗೋಲಿನ ಕವೆಯಿಂದ ಒಂದೊಂದೇ ಡಬ್ಬವನ್ನು ಎಳೆದು ಮಾಡಿನ ಕೆಳಗೆ ತಂದೆ. ಡೇರೆಯ ಪಾತ್ರೆ ಕೈಗೆ ಸಿಕ್ಕಲಿಲ್ಲ, ನನ್ನ ಕಂಬಳಿಯನ್ನು ಅದರ ಮೇಲೆ ಎಸೆದೆ. ಬೇರೆ ಕೆಲಸ ಇರಲಿಲ್ಲ, ಅದಕ್ಕೆ ಮಾಡಿದೆ ಅಷ್ಟೆ.

ಮಳೆ ನಿಂತ ಮೇಲೆ ಅವಳು ಒದ್ದೆ ಮುದ್ದೆಯಾಗಿ ಬಂದು ಸಾಲಾಗಿ ನಿಂತ ಡಬ್ಬಗಳನ್ನೂ, ಅಂಗಳದ ಕೆಸರಿನಲ್ಲಿ ಬಿದ್ದ ಕಂಬಳಿಯನ್ನೂ, ನೆಲದ ಮೇಲೆ ಬಿದ್ದಿದ್ದ ನನ್ನನ್ನೂ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಎತ್ತಿ ಕೂರಿಸಿ ಮೆಣಸಿನ ಕಾಫಿ ಮಾಡಿಕೊಟ್ಟಳು.

ಸಂಜೆ ಸಣ್ಣಸ್ವಾಮಿ ಬಂದು ಹೇಳಿದ: ನರ್ಸರಿಯ ಚಪ್ಪರ ಕುಸಿದು ಸಸಿಗಳೆಲ್ಲ ಜಜ್ಜಿಹೋಗಿವೆಯಂತೆ. ಪುಟ್ಟರಾಜು ತಲೆ ಮೇಲೆ ಕೈ ಹೊತ್ತು ಕೂತಿದ್ದಾನಂತೆ. ನಾನಿದ್ದಿದ್ದರೆ ಚಪ್ಪರಕ್ಕೆ ಇನ್ನೆರಡು ಗೂಟ ಹೊಡೆಸಿರುತ್ತಿದ್ದೆ. ಇರಲಿ. ಪಾಪ, ಅವನ ತಪ್ಪಲ್ಲ.

೬ ಮೇ, ಬುಧವಾರ

ಸಾಹುಕಾರರು ನಾಣಯ್ಯನವರು ಬಂದಿದ್ದರು. ಕುರ್ಚಿ ಹಾಕಿಸಿಕೊಂಡು ಕೂತು ಕಾಲು ನೋಡಿದರು. ಕೆಲಸದ ಮಾತು ಎತ್ತಲಿ ಅಂತ ನಾನು ಕಾದೆ. ಅವರು ಅಂಗಳವನ್ನೇ ನೋಡುತ್ತಿದ್ದರು. "ಅವಸರ ಮಾಡ್ಬೇಡಿ ಶಿವಶಂಕರಪ್ಪ, ಆರಾಮ ಮಾಡಿ. ಪುಟ್ಟರಾಜು ಉಂಟಲ್ಲ" ಅಂದರು. ಆಮೇಲೆ ರುದ್ರಮ್ಮ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಬಹಳ ಹೊತ್ತು ಮಾತಾಡಿದರು. ಏನು ಅಂತ ಕೇಳಿದ್ದಕ್ಕೆ, ಗಿಡ ನೋಡಿದರು ಅಂದಳು. ಅಷ್ಟು ದೊಡ್ಡ ತೋಟದ ಯಜಮಾನರು ನಮ್ಮ ಹಿತ್ತಲಿನ ಗಿಡ ನೋಡಲು ಬರುತ್ತಾರೆಯೇ.

ಪುಟ್ಟರಾಜು ಉಂಟಲ್ಲ. ಈ ಮಾತು ಕಿವಿಯಲ್ಲಿ ಕೂತಿದೆ.

ಹಿತ್ತಲಿಗೆ ಹೋದ ಸಾಮಾನು ಯಾವುದೂ ವಾಪಸು ಬರುತ್ತಿಲ್ಲ ಅನ್ನುವುದನ್ನೂ ಗಮನಿಸಿದ್ದೇನೆ. ಹಾಲಿನ ಪುಡಿ ಡಬ್ಬ, ಹಿಡಿ ಹೋದ ಕೆಟ್ಲು, ಬಿದಿರಿನ ತುಂಡು, ಕೊನೆಗೆ ನನ್ನ ಹಳೆಯ ಬಿಸಿಲಿನ ಟೋಪಿ. ಕೇಳಿದರೆ ನಗುತ್ತಾಳೆ.

೨೫ ಮೇ, ಸೋಮವಾರ

ಮಡಿಕೇರಿಗೆ ಹೋಗಿ ಪ್ಲಾಸ್ಟರು ತೆಗೆಸಿದೆವು. ಒಳಗಿನ ಕಾಲನ್ನು ನೋಡಿ ನನಗೇ ನಾಚಿಕೆಯಾಯಿತು. ಯಾರದೋ ಕಾಲನ್ನು ನನಗೆ ಅಂಟಿಸಿದ ಹಾಗಿದೆ, ಬೆಳ್ಳಗೆ, ಸಣ್ಣಗೆ. ಮೂಳೆ ಕೂಡಿದೆ, ಇನ್ನು ನಡೆದು ಅಭ್ಯಾಸ ಮಾಡಿ ಅಂದರು ಡಾಕ್ಟರು. ನಿಂತೆ. ನಡುಗಿ ಕೂತೆ.

ರುದ್ರಮ್ಮ ಅಲ್ಲಿನ ನರ್ಸಮ್ಮನ ಹತ್ತಿರ ಹೋಗಿ, ಕತ್ತರಿಸಿದ ಪ್ಲಾಸ್ಟರು ನಿಮಗೆ ಬೇಕಾ ಅಂತ ಕೇಳಿದಳು. ಅವರು ಬೇಡ ಅಂದದ್ದೇ ತಡ, ಚೀಲಕ್ಕೆ ತುಂಬಿಕೊಂಡಳು. ಡೇರೆ ಗಿಡದ ಬುಡಕ್ಕಂತೆ. ಇಡೀ ವಾರ್ಡು ನಕ್ಕಿತು. ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ನನ್ನದೇ ಕಾಲಿನ ಅಚ್ಚು ಇಟ್ಟುಕೊಂಡು ಬಂದೆ. ಕುಟ್ಟಿ ಪುಡಿ ಮಾಡಿ ಹಾಕು, ಹಾಗೇ ಹಾಕಬೇಡ ಅಂತ ಹೇಳಿದ್ದೇನೆ.

೩೦ ಮೇ, ಶನಿವಾರ

ಅಂಗಳಕ್ಕೆ ಇಳಿದು ನಡೆಯಿರಿ ಅಂತ ರುದ್ರಮ್ಮ ದಿನಾ ಹೇಳುತ್ತಾಳೆ. ನಾಳೆ ಅನ್ನುತ್ತೇನೆ. ಹೇಳಲು ನಾಚಿಕೆ, ಆದರೆ ಇಲ್ಲಿ ಬರೆಯಬಹುದು: ನನಗೆ ಹೆದರಿಕೆ. ಜಗಲಿಯ ಮೆಟ್ಟಿಲು ಕಂಡರೆ ಆ ಗುಂಡಿ ಕಂಡ ಹಾಗಾಗುತ್ತದೆ.

೪ ಜೂನ್, ಗುರುವಾರ

ಗೊತ್ತಾಯಿತು. ಎಲ್ಲ ಗೊತ್ತಾಯಿತು.

ಮಧ್ಯಾಹ್ನ ನಾನು ಮಲಗಿದ್ದೇನೆ ಅಂತ ತಿಳಿದು ಸಣ್ಣಸ್ವಾಮಿ ಅಡುಗೆಮನೆಯ ಹಿಂಬಾಗಿಲಿಗೆ ಬಂದು ರುದ್ರಮ್ಮನ ಹತ್ತಿರ ಮಾತಾಡಿದ. ಕಾಲು ಕೆಟ್ಟಿರಬಹುದು, ಕಿವಿ ಚೆನ್ನಾಗಿಯೇ ಇದೆ.

"ವೇಕೆನ್ಸಿ ಇನ್ನು ಖಾಲಿ ಬಿಡಂಗಿಲ್ಲ, ಮಳೆ ಹಿಡಿಯೋದ್ರೊಳಗೆ ತುಂಬ್ಬೇಕು ಅಂತ ಸಾಹುಕಾರ್ರು ಹೇಳವ್ರೆ ರುದ್ರಮ್ಮೋರೆ. ಸೋಮವಾರ ಅವರೇ ಬಂದು ನೋಡ್ತಾರಂತೆ."

"ಬರ್ಲಿ. ಇವರಿಗೆ ಮಾತ್ರ ಈಗ್ಲೇ ಹೇಳ್ಬೇಡ. ಅಲ್ಲಿ ಹೋಗಿ ಸರಿಯಾಗಿ ಕೂತ್ಕೊಳ್ಳಲಿ, ಆಮೇಲೆ ನಾನೇ ಹೇಳ್ತೀನಿ."

ವೇಕೆನ್ಸಿ ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪೇಪರಿನಲ್ಲಿ ಬರುತ್ತದಲ್ಲ, ಇಂಥ ಕಡೆ ಇಂಥ ಕೆಲಸಕ್ಕೆ ವೇಕೆನ್ಸಿ ಇದೆ, ಅರ್ಜಿ ಹಾಕಿ ಅಂತ. ಪುಟ್ಟರಾಜುವೋ ಇನ್ನೊಬ್ಬನೋ, ನನ್ನ ಕುರ್ಚಿಯಲ್ಲಿ ಸರಿಯಾಗಿ ಕೂತ ಮೇಲೆ ನನಗೆ ಹೇಳುತ್ತಾರಂತೆ. ಸೋಮವಾರ ಸಾಹುಕಾರರು ಬಂದು ನೋಡುವುದು ಏನನ್ನು? ಮನೆಯನ್ನು. ಹೊಸ ರೈಟರಿಗೆ ಮನೆ ಬೇಡವೇ?

ಮಂಚದ ಕೆಳಗೆ ಬಗ್ಗಿ ನೋಡಿದೆ. ಎಡಗಾಲಿನ ಬೂಟೂ ಇಲ್ಲ. ಕೆಲಸವಿಲ್ಲದವನಿಗೆ ಬೂಟು ಯಾಕೆ ಅಂತ ಅದನ್ನೂ ಸಾಗಹಾಕಿದ್ದಾಳೆ.

೫ ಜೂನ್, ಶುಕ್ರವಾರ

ಯಾರ ಮೇಲೂ ಸಿಟ್ಟಿಲ್ಲ. ಊಟ ಸೇರಲಿಲ್ಲ.

೬ ಜೂನ್, ಶನಿವಾರ

ಶನಿವಾರಸಂತೆಯ ಅಳಿಯನ ಮನೆಗೆ ಹೋದರೆ ಈ ಡಬ್ಬಗಳನ್ನೆಲ್ಲ ಹೇಗೆ ಸಾಗಿಸುವುದು ಅಂತ ಯೋಚಿಸಿದೆ. ಬಸಳೆಯನ್ನು ಕಡ್ಡಿ ಮುರಿದು ಒಯ್ಯಬಹುದು. ಡೇರೆಯ ಗೆಡ್ಡೆ ತೆಗೆಯಲು ಇದು ಕಾಲವಲ್ಲ. ಗುಲಾಬಿ ಈಗ ತಾನೇ ಬೇರು ಬಿಟ್ಟಿದೆ, ಅಲುಗಿಸಿದರೆ ಸಾಯುತ್ತದೆ. ಹುರುಳಿಯನ್ನು ಇಲ್ಲೇ ಬಿಡಬೇಕು. ಬರುವವನ ಹೆಂಡತಿ ಅದಕ್ಕೆ ನೀರು ಹಾಕುವಂಥವಳೋ ಏನೋ. ಬೆಳಿಗ್ಗೆ ಹಾಜರಿ ಕೂಗಿದೆ. ಎಲ್ಲ ಹಾಜರಿದ್ದವು.

೮ ಜೂನ್, ಸೋಮವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಮನೆಯ ಹಿಂದೆ ಜನ ಸೇರಿದ ಸದ್ದಾಯಿತು. ಹೆಣ್ಣಾಳುಗಳ ಮಾತು, ಬುಟ್ಟಿ ಇಳಿಸಿದ ಸದ್ದು, ಸಾಹುಕಾರರ ಕೆಮ್ಮು. ಮುಂಬಾಗಿಲಿಗೆ ಬರದೆ ಹಿಂದಿನಿಂದ ಬಂದಿದ್ದಾರೆ. ಸಣ್ಣಸ್ವಾಮಿ ಗಟ್ಟಿಯಾಗಿ, "ಒಂದೊಂದಾಗಿ ಎತ್ತಿ, ಜ್ವಾಕೆ" ಅನ್ನುತ್ತಿದ್ದ. ನಮ್ಮ ಸಾಮಾನು ಹೊರಗೆ ಹಾಕುತ್ತಿದ್ದಾರೆ ಅಂತ ನನಗೆ ಖಾತ್ರಿಯಾಯಿತು. ನನ್ನ ಮನೆ, ನಾನು ಜಗಲಿಯಲ್ಲಿ ಕೂತಿರುವಾಗಲೇ, ಒಂದು ಮಾತೂ ಹೇಳದೆ.

ಎದ್ದೆ. ಮೆಟ್ಟಿಲು ಇಳಿದೆ. ಗೋಡೆ ಹಿಡಿದುಕೊಂಡು ಮನೆಯನ್ನು ಸುತ್ತಿ ಹೋದೆ. ಹೋಗುತ್ತಾ ಸಾಹು­ಕಾರರಿಗೆ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಬಹಳ ಗಂಭೀರವಾದ ಮಾತುಗಳು. ಹಿತ್ತಲಿಗೆ ತಿರುಗಿದ ಮೇಲೆ ಒಂದೂ ನೆನಪಿಗೆ ಬರಲಿಲ್ಲ.

ಹಲಸಿನ ಮರದ ನೆರಳಿನಲ್ಲಿ, ಒಣ ಜರಿಸೊಪ್ಪು ಹೊದಿಸಿದ ಸಣ್ಣ ಚಪ್ಪರದ ಕೆಳಗೆ, ಸಾಲು ಸಾಲಾಗಿ ಕಾಫಿ ಸಸಿಗಳು. ಕಸಕ್ಕೆ ಹಾಕಿದ್ದ ಅದೇ ಟೋಪಿಗಳು. ಈಗ ಜೋಡಿ ಜೋಡಿ ಎಲೆ ಬಿಟ್ಟು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಹಾಲಿನ ಪುಡಿ ಡಬ್ಬದಲ್ಲಿ, ಬಿದಿರಿನ ತುಂಡಿನಲ್ಲಿ, ತೆಂಗಿನ ಚಿಪ್ಪಿನಲ್ಲಿ, ಕೆಟ್ಲಿನಲ್ಲಿ, ಬಿಸ್ಕತ್ತಿನ ತಗಡಿನ ಪೆಟ್ಟಿಗೆಯಲ್ಲಿ. ನನ್ನ ಬಿಸಿಲಿನ ಟೋಪಿಯಲ್ಲೂ ಒಂದು ಟೋಪಿ ಸಸಿ. ಹೆಣ್ಣಾಳುಗಳು ಒಂದೊಂದನ್ನೇ ಬುಟ್ಟಿಗೆ ಇಡುತ್ತಿದ್ದರು. ಸಾಹುಕಾರರು ಕನ್ನಡಕ ಮೂಗಿಗೆ ಇಳಿಸಿಕೊಂಡು ಎಲೆ ತಿರುಗಿಸಿ ನೋಡುತ್ತಿದ್ದರು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕೇಳಿದೆ: "ಸ್ವಾಮಿ, ಹೊಸ ರೈಟರು ಯಾರು?"

ಯಾವ ರೈಟರು ಅಂತ ಸಾಹುಕಾರರು ಕೇಳಿದರು. ವೇಕೆನ್ಸಿ ತುಂಬುತ್ತಿದ್ದೀರಂತಲ್ಲ, ನನಗೆ ಎಲ್ಲ ಗೊತ್ತು ಅಂದೆ. ಅವರು ಸಣ್ಣಸ್ವಾಮಿಯನ್ನು ನೋಡಿದರು. ಸಣ್ಣಸ್ವಾಮಿ ರುದ್ರಮ್ಮನನ್ನು ನೋಡಿದ. ಮೊದಲು ನಕ್ಕದ್ದು ಹೆಣ್ಣಾಳುಗಳು. ಆಮೇಲೆ ಸಾಹುಕಾರರು ಎಷ್ಟು ನಕ್ಕರೆಂದರೆ, ನಿಲ್ಲಲಾಗದೆ ಅಲ್ಲೇ ಬಿದ್ದಿದ್ದ ಒಡಕು ಒರಳಿನ ಮೇಲೆ ಕೂತುಬಿಟ್ಟರು.

"ಕೆರೆ ಬ್ಲಾಕಿನ ವೇಕೆನ್ಸಿ ಶಿವಶಂಕರಪ್ಪ. ಇಷ್ಟು ವರ್ಷ ವೇಕೆನ್ಸಿ ರಿಪೋರ್ಟ್ ಬರೆದದ್ದು ನೀವಲ್ವಾ?"

ಆಲಿಕಲ್ಲಿಗೆ ನರ್ಸರಿ ಹೋದ ಮೇಲೆ ಸಸಿಗೆ ಎಲ್ಲೆಲ್ಲೋ ಹುಡುಕುತ್ತಿದ್ದರಂತೆ. ಮೇ ತಿಂಗಳಲ್ಲಿ ಬಂದಾಗ ರುದ್ರಮ್ಮ ತೋರಿಸಿದ್ದಳಂತೆ. ಕೆರೆ ಬ್ಲಾಕಿಗೆ ಇಷ್ಟು ಸಾಕಂತೆ. ಪುಟ್ಟರಾಜುವಿಗೆ ಅವನ ಊರಿನ ಹತ್ತಿರವೇ ಬೇರೆ ತೋಟದಲ್ಲಿ ಕೆಲಸ ಗೊತ್ತಾಗಿದೆ, ಇನ್ನು ಎರಡು ವಾರಕ್ಕೆ ಹೊರಡುತ್ತಾನೆ, ನೀವು ಯಾವಾಗ ಬರುತ್ತೀರಿ ಅಂತ ನನ್ನನ್ನೇ ಕೇಳಿದರು. ನಾನು ಏನು ಹೇಳಿದೆನೋ ಜ್ಞಾಪಕವಿಲ್ಲ.

ಅವರೆಲ್ಲ ಹೋದ ಮೇಲೆ ನೋಡಿದೆ, ಒಂದು ಸಸಿ ಉಳಿದಿತ್ತು. ಬಲಗಾಲಿನ ಬೂಟಿನಲ್ಲಿ. ಉಳಿದೆಲ್ಲಕ್ಕಿಂತ ಎತ್ತರ ಬಂದಿದೆ. ಇದನ್ನು ಯಾಕೆ ಕೊಡಲಿಲ್ಲ ಅಂದೆ. ಇದನ್ನೆಲ್ಲ ನನ್ನಿಂದ ಯಾಕೆ ಮುಚ್ಚಿಟ್ಟೆ ಅಂತಲೂ ಕೇಳಿದೆ. ಮೀಸೆಯ ಮಾತು ತೆಗೆಯುತ್ತಾಳೆ ಅಂದುಕೊಂಡಿದ್ದೆ.

ರುದ್ರಮ್ಮ ಬೂಟಿನ ಮಣ್ಣನ್ನು ಬೆರಳಿನಲ್ಲಿ ಒತ್ತುತ್ತಾ ಹೇಳಿದಳು. "ನೀವು ನಗ್ತೀರಿ ಅಂತಲ್ಲ. ಈ ಬೂಟಿನ ಸಸಿ ಬದುಕಿದ್ರೆ ಇವರ ಕಾಲೂ ನೆಲಕ್ಕೆ ಊರ್ತದೆ ಅಂತ ಮನಸ್ಸಲ್ಲಿ ಅಂದ್ಕೊಂಡು ನೆಟ್ಟಿದ್ದೆ. ನಡುವೆ ಒಂದು ಸಲ ಎಲೆ ಉದುರ್ತು. ನಿಮಗೆ ಹೆಂಗೆ ತೋರಿಸ್ಲಿ?"

ಅಂದು ಆಲಿಕಲ್ಲು ಬಿದ್ದಾಗ ಅವಳು ಓಡಿದ್ದು ಎಲ್ಲಿಗೆ ಅಂತ ಈಗ ಗೊತ್ತಾಯಿತು. ನಾನು ಕಂಬಳಿ ಎಸೆದದ್ದನ್ನೇ ದೊಡ್ಡದು ಮಾಡಿಕೊಂಡಿದ್ದೆ.

ಮಧ್ಯಾಹ್ನ ಕ್ಷೌರದ ಸಾಮಾನು ತೆಗೆದು ಕೂತೆ. ಆಡಿದ ಮಾತು ಆಡಿದ್ದೇ. ರುದ್ರಮ್ಮ ಬಂದು ನೋಡಿ, ಮೀಸೆ ತಗೊಂಡು ನಾನೇನು ಮಾಡಲಿ, ಅದರ ಬದಲು ಆ ಮಗ್ಗು ಕೊಡಿ ಅಂದಳು. ಕ್ಷೌರದ ಮಗ್ಗಿನ ಅಂಚಿನಲ್ಲಿ ಬಣ್ಣ ಚಕ್ಕೆ ಎದ್ದಿದೆ, ಅದರ ಮೇಲೆ ಅವಳ ಕಣ್ಣು ಬಿದ್ದು ಬಹಳ ದಿನವಾಗಿತ್ತಂತೆ. ಕೊಟ್ಟೆ. ತಳಕ್ಕೆ ಮೊಳೆಯಲ್ಲಿ ಒಂದು ತೂತು ಹೊಡೆದೇ ಕೊಟ್ಟೆ, ಇಲ್ಲದಿದ್ದರೆ ನೀರು ನಿಂತು ಬೇರು ಕೊಳೆಯುತ್ತದೆ.

ಊರುಗೋಲು ಎಲ್ಲಿ ಬಿಟ್ಟೆ ಅಂತ ಸಂಜೆ ಹುಡುಕಿದೆ. ಜಗಲಿಯ ಕಂಬಕ್ಕೆ ಒರಗಿತ್ತು.

೨೨ ಜೂನ್, ಸೋಮವಾರ

ಕೆಲಸಕ್ಕೆ ಹೋದೆ. ಬೆಳಿಗ್ಗೆ ಸಣ್ಣಸ್ವಾಮಿ ಸೋಮವಾರಪೇಟೆಯಿಂದ ಒಂದು ಪೊಟ್ಟಣ ತಂದ. ಒಳಗೆ ರುದ್ರಮ್ಮ ಗುಟ್ಟಾಗಿ ಕಳಿಸಿದ್ದ ನನ್ನ ಎಡಗಾಲಿನ ಹಳೆಯ ಬೂಟು, ಅದರ ಅಳತೆಗೆ ಹೊಲಿಸಿದ ಬಲಗಾಲಿನ ಹೊಸದು. ಒಂದೇ ಬೂಟು ಹೊಲಿಯುವುದಿಲ್ಲ ಅಂತ ಬೂಟು ಹೊಲಿಯುವವನು ಹಟ ಹಿಡಿದಿದ್ದನಂತೆ, ಸಣ್ಣಸ್ವಾಮಿ ಬಿಡಲಿಲ್ಲವಂತೆ. ಒಂದು ಮಾಸಲು, ಒಂದು ಥಳಥಳ. ಲೈನಿನವರೆಲ್ಲ ನೋಡಿ ನಕ್ಕರು. ನಗಲಿ.

ರುದ್ರಮ್ಮ ಬೂಟಿನ ಸಸಿಯನ್ನು ಎತ್ತಿಕೊಂಡು ನನ್ನ ಜೊತೆ ಕೆರೆ ಬ್ಲಾಕಿಗೆ ಬಂದಳು. ನಾನು ಬಿದ್ದ ಗುಂಡಿಯೊಂದನ್ನು ಮಾತ್ರ ಯಾರೂ ತುಂಬಿರಲಿಲ್ಲ. ಇದನ್ನು ಖಾಲಿ ಬಿಡುವುದು ಬೇಡ, ಇನ್ಯಾರಾದರೂ ಬಿದ್ದಾರು ಅಂದಳು. ಸಣ್ಣ ಮಳೆ ಹನಿಯುತ್ತಿತ್ತು. ನಾನು ದಾರ ಬಿಚ್ಚಿ ಬೂಟು ಬಿಡಿಸಿದೆ, ಅವಳು ಸಸಿ ಇಟ್ಟಳು, ಇಬ್ಬರೂ ಮಣ್ಣು ತುಳಿದೆವು. ನಾನು ಹೊಸ ಬೂಟಿನ ಕಾಲಿನಿಂದ ತುಳಿದೆ. ಖಾಲಿ ಬೂಟನ್ನು ಬಿಸಾಡಿ ಹೋಗುತ್ತಾಳೇನೋ ಅಂತ ನೋಡಿದೆ, ಆಗಲೇ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಪುದೀನ ಹಾಕೋಣ ಅಂದೆ.

೨೮ ಜೂನ್, ಭಾನುವಾರ

ರಜ. ಜೋರು ಮಳೆ, ಮಧ್ಯಾಹ್ನ ಸ್ವಲ್ಪ ಬಿಡುವು. ಬಸಳೆ ಹಾಜರ್, ಕೆಸ ಹಾಜರ್, ಮಗ್ಗಿನ ಕನಕಾಂಬರ ಹಾಜರ್. ಅಡುಗೆಮನೆಯಲ್ಲಿ ಒಂದು ಜಾಡಿ ಒಡೆದ ಸದ್ದು ಕೇಳಿ, ತಳ ಉಳಿದಿದೆಯಾ ಅಂತ ಇಲ್ಲಿಂದಲೇ ಕೇಳಿದೆ. ಉಳಿದಿದೆಯಂತೆ.

ರುದ್ರಮ್ಮ ಕೈ ಒರೆಸಿಕೊಂಡು ಬಂದು ಕಂಬಕ್ಕೆ ಒರಗಿದ್ದ ಊರುಗೋಲನ್ನು ನೋಡಿದಳು. "ನಿಮ್ಮದು ಮುಗೀತಾ?" ಅಂದಳು.

"ಮುಗೀತು, ತಗೋ" ಅಂದೆ.

ಹೀರೆ ಬಳ್ಳಿ ಚಪ್ಪರ ಸಾಲದೆ ನೆಲಕ್ಕೆ ಇಳಿಯುತ್ತಿದೆ. ಕೋಲಿನ ಕವೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚುವುದು ಬೇಡ, ಬಳ್ಳಿಗೆ ಮೆತ್ತಗಿರುತ್ತದೆ ಅಂದಳು. ನಾನೇ ಹಾರೆ ತಂದು ಗುಂಡಿ ತೆಗೆದೆ. ಇಷ್ಟು ಸಾಕಾ ಅಂತ ಕೇಳಿದೆ. ಆಳ ಸಾಲದು, ಇನ್ನೂ ತೆಗೀರಿ ಅಂದಳು. ತೆಗೆದೆ.